ಮೂಲ ಮಾದರಿ ಅಳಿದ ಮೇಲೆ: ಹೆರ್ರೆಯವರ ಕುಬ್ಜ ಗೋಬಿಗಳ ವರ್ಣನೆಯನ್ನು ಕುರಿತು

೧

ಗ್ರಂಥವಿಮರ್ಶೆಯೆಂದರೆ ಹೊಸದಾಗಿ ಅಚ್ಚಾದ ಪುಸ್ತಕವೊಂದರ ಗುಣದೋಷಗಳನ್ನು ಹೇಳುವುದೆಂಬುದು ಸಾಮಾನ್ಯ ನಂಬಿಕೆ. ನಾವು ಇಲ್ಲಿ ಎತ್ತಿಕೊಂಡಿರುವುದು ೧೯೨೭ರಲ್ಲಿ ಮನಿಲಾ ನಗರದಲ್ಲಿ ಅಚ್ಚಾದ ಗ್ರಂಥವೊಂದನ್ನು. ಅದರಲ್ಲಿಯೂ ಆ ಗ್ರಂಥದ ಒಂದು ಚಿಕ್ಕ ಭಾಗವನ್ನು. ಆಲ್ಬರ್ಟ್ ಹೆರ್ರೆಯವರು ಬರೆದ 'ಫಿಲಿಪ್ಪೀನ್ಸ್ ಮತ್ತು ಚೀನಾ ಸಮುದ್ರದ ಗೋಬಿಗಳು' ಎಂಬ ಆ ಗ್ರಂಥ ಮನಿಲಾದ ವಿಜ್ಞಾನ ಕಾರ್ಯಾಲಯದ ಗ್ರಂಥಮಾಲೆಯಲ್ಲಿ ಇಪ್ಪತ್ತಮೂರನೆಯದು. ಪುಟಗಳು ೩೫೨, ಚಿತ್ರಫಲಕಗಳು ೩೦. ಗೋಬಿ ಮೀನುಗಳನ್ನು ಅಭ್ಯಾಸ ಮಾಡುವವರು ಇಂದಿಗೂ ಅದನ್ನು ಬಿಟ್ಟು ಮುಂದುವರಿಯುವಂತಿಲ್ಲ. ಅದರಲ್ಲಿ ಹೆರ್ರೆಯವರು ಸ್ಥಾಪಿಸಿದ ಜಾತಿಗಳಲ್ಲಿ 'ಪಂಡಾಕಾ' ಎಂಬುದು ಒಂದು. ಕರಾವಳಿಯ ಉಷ್ಣವಲಯದ ನೀರಿನಲ್ಲಿ, ಉಪ್ಪೂ ಸಿಹಿಯೂ ಬೆರೆಯುವೆಡೆಯಲ್ಲಿ ಬಾಳುವ, ಒಂದು ಸೆಂಟಿಮೀಟರಿನ ಆಸುಪಾಸಿನಲ್ಲಿಯೇ ಪೂರ್ಣವಯಸ್ಸನ್ನು ಮುಟ್ಟುವ ಮೀನುಗಳ ಜಾತಿ ಅದು.

ಇಷ್ಟು ಹಳೆಯ ಗ್ರಂಥವನ್ನು ಈಗ ಏಕೆ ವಿಮರ್ಶೆಗೆ ಒಳಪಡಿಸಬೇಕೆಂದು ಓದುಗರು ಕೇಳಬಹುದು. ಉತ್ತರ ಸರಳವಾದದ್ದು. ೧೯೪೫ರ ಫೆಬ್ರುವರಿಯಲ್ಲಿ ಮನಿಲಾ ನಗರಕ್ಕಾಗಿ ನಡೆದ ಕದನದಲ್ಲಿ ವಿಜ್ಞಾನ ಕಾರ್ಯಾಲಯದ ಕಟ್ಟಡ ಹಾಳಾಯಿತು. ಅದರೊಡನೆ ಅಲ್ಲಿದ್ದ ಪುಸ್ತಕಗಳೂ ಪ್ರಾಣಿಸಂಗ್ರಹವೂ ನಾಶವಾದುವು. ಹೆರ್ರೆಯವರು ಅಲ್ಲಿ ಇರಿಸಿದ್ದ ಮೂಲ ಮಾದರಿಗಳು ಆ ನಾಶದಲ್ಲಿ ಸೇರಿದ್ದುವು. ಮೂಲ ಮಾದರಿಯೆಂದರೆ, ಒಂದು ಪ್ರಭೇದಕ್ಕೆ ಹೆಸರಿಡುವಾಗ ಹೆಸರಿಟ್ಟವನು 'ಇದೇ ಅದು' ಎಂದು ಎತ್ತಿ ತೋರಿಸಿದ ಮೀನು. ಸಂದೇಹ ಬಂದಾಗಲೆಲ್ಲ ಶಾಸ್ತ್ರಜ್ಞರು ಆ ಗಾಜಿನ ಜಾಡಿಯ ಬಳಿಗೆ ಹೋಗಿ ವ್ಯಾಜ್ಯವನ್ನು ತೀರಿಸಿಕೊಳ್ಳುತ್ತಾರೆ. ಜಾಡಿಯೇ ಇಲ್ಲವಾದ ಮೇಲೆ ಉಳಿಯುವುದು ಮಾತು. ಹೆರ್ರೆಯವರು ಮೀನಿನ ಜೊತೆಗೆ ಇರಲೆಂದು ಬರೆದ ವಾಕ್ಯಗಳು ಈಗ ಮೀನಿನ ಬದಲಿಗೆ ನಿಂತಿವೆ. ಆ ವಾಕ್ಯಗಳು ಈ ಭಾರವನ್ನು ಹೊರಲು ಶಕ್ತವೇ? ಇದೇ ನಮ್ಮ ಪ್ರಶ್ನೆ. ಇದು ಕೇವಲ ಪುಸ್ತಕದ ಪ್ರಶ್ನೆಯಲ್ಲ. ಇಂದು ಫಿಲಿಪ್ಪೀನ್ಸಿನ ಹೊರಗೆ ಹಿಡಿದ ಒಂದು ಕುಬ್ಜ ಮೀನಿಗೆ ಹೆರ್ರೆಯವರ ಹೆಸರನ್ನು ಕೊಡಬಹುದೇ ಕೂಡದೇ ಎಂಬುದು ಇದರ ಉತ್ತರವನ್ನೇ ಅವಲಂಬಿಸಿದೆ.

೨

ಮೊದಲಿಗೆ ವಿಷಯದ ಪರಿಚಯ ಅವಶ್ಯಕ. ಗೋಬಿಗಳ ಗಣದಲ್ಲಿ ಈವರೆಗೆ ಹೆಸರು ಪಡೆದ ಪ್ರಭೇದಗಳು ಎರಡು ಸಾವಿರಕ್ಕೂ ಮಿಕ್ಕಿವೆ. ಕಡಲ ಹವಳದ ಬಂಡೆ, ಅಳಿವೆಯ ಕೆಸರು, ಬೆಟ್ಟದ ತೊರೆ ಇವೆಲ್ಲವೂ ಅವುಗಳ ನೆಲೆಗಳೇ. ಹೊಟ್ಟೆಯ ಕೆಳಗಿನ ಜೋಡಿ ಈಜುರೆಕ್ಕೆಗಳು ಕೂಡಿ ಬಟ್ಟಲಿನಂತಾಗಿರುವುದು ಬಹುಪಾಲು ಗೋಬಿಗಳನ್ನು ಗುರುತಿಸಲು ವಿದ್ಯಾರ್ಥಿಗಳು ಕಲಿಯುವ ಮೊದಲ ಲಕ್ಷಣ. ನಮ್ಮ ಕರಾವಳಿಯ ಕೆಸರುಬಯಲುಗಳಲ್ಲಿ ನೀರಿಳಿದಾಗ ಕುಪ್ಪಳಿಸುತ್ತ ಹೋಗುವ ಕೆಸರುಮೀನುಗಳೂ ಈ ಗಣದವೇ. ಈಚಿನ ವರ್ಗೀಕರಣದಲ್ಲಿ ಆ ಕೆಸರುಮೀನುಗಳನ್ನೂ ಪಂಡಾಕಾ ಜಾತಿಯನ್ನೂ ಆಕ್ಸುಡರ್ಸಿಡೀ ಎಂಬ ಒಂದೇ ಕುಟುಂಬದಲ್ಲಿ ಇರಿಸುವುದು ರೂಢಿಯಾಗಿದೆ. ನೆಲಕ್ಕೆ ಹತ್ತುವ ಮೀನೂ, ಕಣ್ಣಿಗೆ ಕಾಣದಷ್ಟು ಕಿರಿದಾದ ಮೀನೂ ದಾಯಾದಿಗಳೆಂಬುದು ವಿಚಿತ್ರವಾಗಿ ತೋರಬಹುದು. ಆದರೆ ವರ್ಗೀಕರಣವು ಗಾತ್ರವನ್ನು ನೋಡಿ ನಂಟನ್ನು ಹೇಳುವುದಿಲ್ಲ. ಈ ಮಾತನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಇದರ ಪ್ರಯೋಜನವಿದೆ.

ಪಂಡಾಕಾ ಜಾತಿಯ ಮೀನುಗಳು ಕಾಂಡ್ಲಾ ಗಿಡಗಳ ಬೇರುಗಳ ನಡುವೆ, ಅಳಿವೆಯ ಒಳಗಾಲುವೆಗಳಲ್ಲಿ ಗುಂಪುಗೂಡಿ ಇರುತ್ತವೆ. ಮೈ ಬಹುಮಟ್ಟಿಗೆ ಪಾರದರ್ಶಕ. ಕಪ್ಪು ಕಣ್ಣುಗಳೂ ಅಲ್ಲಲ್ಲಿ ಚೆದುರಿದ ಕಪ್ಪು ಬಣ್ಣದ ಕಣಗಳೂ ಕಾಣುತ್ತವೆ. ಬಲೆಯೆತ್ತಿದವನು ಇವನ್ನು ಬೇರೆ ಮೀನಿನ ಮರಿಗಳೆಂದು ಭಾವಿಸಿ ನೀರಿಗೆ ಚೆಲ್ಲುವುದು ಸಹಜ. ಹೆರ್ರೆಯವರು ಹಾಗೆ ಚೆಲ್ಲಲಿಲ್ಲ. ಅವರ ಹಿರಿಮೆಯ ಮೊದಲ ಲೆಕ್ಕವನ್ನು ಇಲ್ಲಿಯೇ ಬರೆಯಬೇಕು.

ಹೆರ್ರೆಯವರು (೧೮೬೮–೧೯೬೨) ಅಮೆರಿಕಾ ದೇಶದವರು. ಮೀನುಗಳಲ್ಲಿ ಮಾತ್ರವಲ್ಲದೆ ಕಲ್ಲುಹೂಗಳ ಅಭ್ಯಾಸದಲ್ಲಿಯೂ ಹೆಸರು ಪಡೆದವರು. ೧೯೧೯ರಿಂದ ೧೯೨೮ರವರೆಗೆ ಮನಿಲಾದಲ್ಲಿ ಸರಕಾರದ ಮೀನುಗಾರಿಕಾ ವಿಭಾಗಕ್ಕೆ ಮುಖ್ಯಸ್ಥರಾಗಿದ್ದರು. ಬಳಿಕ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಪ್ರಾಣಿಸಂಗ್ರಹವನ್ನು ನೋಡಿಕೊಂಡರು. ಮೀನುಗಾರಿಕೆಯ ಅಧಿಕಾರಿಯಾದವನು ಸಂತೆಗೆ ಬರುವ ದೊಡ್ಡ ಮೀನುಗಳ ಮೇಲೆ ಕಣ್ಣಿಡುವುದು ಲೋಕರೂಢಿ. ಯಾರ ಅಡಿಗೆಮನೆಗೂ ಹೋಗದ ಇಂಥ ಮೀನನ್ನು ಹಿಡಿದು, ಇದು ಮರಿಯಲ್ಲ, ಪೂರ್ಣವಯಸ್ಸಿನ ಮೀನು ಎಂದು ನಿರ್ಣಯಿಸಲು ಬೇರೊಂದು ಬಗೆಯ ತಾಳ್ಮೆ ಬೇಕು. 'ಪಂಡಾಕಾ ಪಿಗ್ಮಿಯಾ' ಎಂದು ಅವರು ಹೆಸರಿಟ್ಟ ಪ್ರಭೇದ ಮನಿಲಾ ಕೊಲ್ಲಿಯ ದಡದ ಮಲಬೋನ್ ಎಂಬಲ್ಲಿ ದೊರೆತದ್ದು. ಅದೇ ಗ್ರಂಥದಲ್ಲಿ 'ಪಂಡಾಕಾ ಪುಸಿಲ್ಲಾ' ಎಂಬ ಇನ್ನೊಂದು ಪ್ರಭೇದವನ್ನೂ ಅವರು ಹೆಸರಿಸಿದರು.

೩

ಈಗ ಹೆಸರುಗಳನ್ನು ನೋಡೋಣ. 'ಪಂಡಾಕ್' ಎಂಬುದು ಟಗಾಲೊಗ್ ಭಾಷೆಯಲ್ಲಿ ಕುಳ್ಳ ಎಂಬರ್ಥದ ಮಾತು. ಸಂಸ್ಕೃತದ ಕೋಶಗಳಲ್ಲಿ ಕಾಣುವ, ಧ್ವನಿಯಲ್ಲಿ ಇದನ್ನು ಹೋಲುವ ಶಬ್ದಕ್ಕೂ ಇದಕ್ಕೂ ಯಾವ ನಂಟೂ ಇಲ್ಲ. 'ಪಿಗ್ಮಿಯಾ' ಗ್ರೀಕ್ ಮೂಲದ್ದು, ಅರ್ಥ ಕುಬ್ಜ. 'ಪುಸಿಲ್ಲಾ' ಲ್ಯಾಟಿನ್, ಅರ್ಥ ತೀರ ಚಿಕ್ಕದು. ಮೂರು ಭಾಷೆಗಳಿಂದ ಮೂರು ಮಾತುಗಳನ್ನು ತಂದರೂ ಹೇಳಿದ್ದು ಒಂದೇ ಸಂಗತಿ. ನೆಲದ ಜನರ ಮಾತನ್ನು ಶಾಸ್ತ್ರನಾಮಕ್ಕೆ ಏರಿಸಿದ ಔದಾರ್ಯವನ್ನು ನಾವು ಮೆಚ್ಚುತ್ತೇವೆ. ಆದರೆ ಈ ಹೆಸರುಗಳು ಎರಡು ಪ್ರಭೇದಗಳನ್ನು ಒಂದರಿಂದೊಂದು ಬೇರ್ಪಡಿಸಲು ಯಾವ ನೆರವನ್ನೂ ಕೊಡುವುದಿಲ್ಲ.

ಹೆಸರು ಬರಿಯ ಗುರುತು, ಅದು ವರ್ಣನೆಯಾಗಬೇಕೆಂಬ ನಿಯಮವಿಲ್ಲವೆಂದು ಇದಕ್ಕೆ ಸಮಾಧಾನ ಹೇಳಬಹುದು. ನಾಮಕರಣದ ನಿಯಮಗಳನ್ನು ನೋಡಿದರೆ ಆ ಸಮಾಧಾನ ಸರಿಯಾದುದೇ. ಆದರೆ ಹೆಸರು ಓದುಗರ ಗಮನವನ್ನು ಒಂದು ಕಡೆಗೆ ತಿರುಗಿಸುತ್ತದೆ; ಈ ಹೆಸರುಗಳು ತಿರುಗಿಸಿದ್ದು ಗಾತ್ರದ ಕಡೆಗೆ. ಮುಂದಿನ ಕಥೆ ಅದಕ್ಕೆ ಸಾಕ್ಷಿ.

ಗಾತ್ರದ ಕೀರ್ತಿ ಪಂಡಾಕಾಗಿಂತ ಮುಂಚೆ ಇನ್ನೊಂದು ಗೋಬಿಗೆ ಸಂದಿತ್ತು. ೧೯೦೨ರಲ್ಲಿ ಹ್ಯೂ ಸ್ಮಿತ್ ಅವರು ಲೂಝಾನ್ ದ್ವೀಪದ ಬೂಹಿ ಸರೋವರದ 'ಮಿಸ್ಟಿಕ್‌ಥಿಸ್ ಲೂಝೊನೆನ್ಸಿಸ್' ಎಂಬ ಮೀನನ್ನು ವರ್ಣಿಸಿ, ಬೆನ್ನೆಲುಬುಳ್ಳ ಪ್ರಾಣಿಗಳಲ್ಲಿ ತಿಳಿದಮಟ್ಟಿಗೆ ಇದೇ ಅತಿ ಚಿಕ್ಕದೆಂದು ಸಾರಿದರು. ಅಲ್ಲಿಯ ಜನ ಅದನ್ನು ಸಿನಾರಪಾನ್ ಎನ್ನುತ್ತಾರೆ. ನವುರಾದ ಬಲೆಗಳಿಂದ ರಾಶಿಯಾಗಿ ಹಿಡಿದು ತಿನ್ನುತ್ತಾರೆ. ೧೯೨೭ರಲ್ಲಿ ಪಟ್ಟ ಪಂಡಾಕಾಗೆ ಬಂದಿತು. ೧೯೮೧ರಲ್ಲಿ ವಿಂಟರ್‌ಬಾಟಮ್ ಮತ್ತು ಎಮೆರಿ ಅವರು ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಸಮೂಹದಿಂದ 'ಟ್ರಿಮ್ಮಾಟಮ್ ನಾನಸ್' ಎಂಬ ಇನ್ನೊಂದು ಗೋಬಿಯನ್ನು ವರ್ಣಿಸಿದರು. ಅದರ ಹೆಣ್ಣುಗಳು ೮ರಿಂದ ೧೦ ಮಿಲಿಮೀಟರಿನಲ್ಲಿಯೇ ಪ್ರೌಢವಾಗುತ್ತವೆ. ೨೦೦೪ರಲ್ಲಿ ಆಸ್ಟ್ರೇಲಿಯಾದ ಮಹಾ ಹವಳದಿಬ್ಬದಿಂದ 'ಷಿಂಡ್ಲೀರಿಯಾ ಬ್ರೆವಿಪಿಂಗ್ವಿಸ್' ಬಂದಿತು. ೨೦೦೬ರಲ್ಲಿ ಸುಮಾತ್ರದ ಜೌಗು ಕಾಡುಗಳಿಂದ, ಗೋಬಿಯಲ್ಲದ, ಗೆಂಡೆಮೀನುಗಳ ಬಳಗಕ್ಕೆ ಸೇರಿದ 'ಪೀಡೊಸಿಪ್ರಿಸ್ ಪ್ರೊಜೆನೆಟಿಕಾ' ಬಂದಿತು. ಅದರ ಪ್ರೌಢ ಹೆಣ್ಣೊಂದರ ಉದ್ದ ೭.೯ ಮಿಲಿಮೀಟರ್. ೨೦೧೨ರಲ್ಲಿ ನ್ಯೂಗಿನಿಯ ಕಪ್ಪೆಯೊಂದು, ಸರಾಸರಿ ೭.೭ ಮಿಲಿಮೀಟರಿನದು, ಮೀನುಗಳನ್ನೂ ಹಿಂದೆ ಹಾಕಿತು.

ಈ ಪಟ್ಟಿಯನ್ನು ನಾವು ಕುತೂಹಲಕ್ಕಾಗಿ ಕೊಟ್ಟಿಲ್ಲ. 'ಅತಿ ಚಿಕ್ಕ' ಎಂಬುದು ಮುಂದಿನ ಬಲೆಯವರೆಗೆ ಮಾತ್ರ ಬಾಳುವ ವಿಶೇಷಣ; ಮೀನಿನ ಮೈಯಲ್ಲಿ ಇರುವ ಗುಣವಲ್ಲ, ಬೇರೆ ಮೀನುಗಳನ್ನು ನಾವು ಎಷ್ಟರಮಟ್ಟಿಗೆ ಅರಿತಿದ್ದೇವೆ ಎಂಬುದರ ಅಳತೆ. ಅಲ್ಲದೆ ಅಳತೆಯ ರೀತಿಯೂ ಒಂದೇ ಅಲ್ಲ. ಬಾಲದ ರೆಕ್ಕೆಯನ್ನು ಸೇರಿಸಿ ಅಳೆದದ್ದೋ ಬಿಟ್ಟು ಅಳೆದದ್ದೋ, ಗಂಡೋ ಹೆಣ್ಣೋ, ಸರಾಸರಿಯೋ ಅತ್ಯಲ್ಪವೋ, ಪ್ರೌಢವೆಂದು ಅಂಗಗಳನ್ನು ಬಿಡಿಸಿ ನೋಡಿ ಹೇಳಿದ್ದೋ ಊಹಿಸಿದ್ದೋ ಎಂಬುದನ್ನು ತಿಳಿಸದೆ ಎರಡು ಸಂಖ್ಯೆಗಳನ್ನು ಎದುರುಬದುರಾಗಿ ನಿಲ್ಲಿಸುವುದು ಅರ್ಥವಿಲ್ಲದ ಕೆಲಸ. ಪಂಡಾಕಾ ಪಿಗ್ಮಿಯಾದ ಗಂಡು ೭.೫ರಿಂದ ೯.೯ ಮಿಲಿಮೀಟರ್ ಎಂದು ಜನಪ್ರಿಯ ದಾಖಲೆಗ್ರಂಥಗಳು ಬಹುಕಾಲ ಬರೆದುವು. ಈಚಿನ ಕೈಪಿಡಿಗಳು ಗಂಡಿನ ಉದ್ದ ೧೧ ಮಿಲಿಮೀಟರಿನವರೆಗೆ, ಹೆಣ್ಣಿನದು ೧೫ ಮಿಲಿಮೀಟರಿನವರೆಗೆ ಎನ್ನುತ್ತವೆ. ಎರಡೂ ಸರಿಯಿರಬಹುದು, ಅಳತೆಯ ಕ್ರಮವನ್ನು ಹೇಳದಿದ್ದಾಗ ಓದುವವನಿಗೆ ಎರಡೂ ನಿರುಪಯೋಗಿ.

ಇದಕ್ಕಿಂತ ಮಿಗಿಲಾದ ತಪ್ಪೊಂದುಂಟು. ಅಂಥ ಗ್ರಂಥಗಳಲ್ಲಿ ಪಂಡಾಕಾ ಪಿಗ್ಮಿಯಾವನ್ನು 'ಲೂಝಾನಿನ ತೊರೆ ಸರೋವರಗಳ' ಸಿಹಿನೀರಿನ ಮೀನೆಂದು ಬರೆದದ್ದುಂಟು. ಹೆರ್ರೆಯವರ ಮೀನು ದೊರೆತ ಮಲಬೋನ್ ಸರೋವರದ ಊರಲ್ಲ. ಕಡಲ ಭರತ ಇಳಿತಗಳು ಒಳನುಗ್ಗುವ, ಮೀನುಕೆರೆಗಳ ತಗ್ಗುನೆಲ. ಸರೋವರ ಸ್ಮಿತ್ ಅವರ ಮೀನಿನದು. ಒಂದೇ ದ್ವೀಪದ ಎರಡು ಕುಬ್ಜ ಮೀನುಗಳ ಕೀರ್ತಿ ಒಂದೇ ಆದುದರಿಂದ ಅವುಗಳ ನೆಲೆಯೂ ಬರೆಯುವವರ ಕೈಯಲ್ಲಿ ಕಲಸಿಹೋಯಿತೆಂದು ನಮ್ಮ ಊಹೆ. ಗಾತ್ರವನ್ನೇ ಲಕ್ಷಣವೆಂದು ಭಾವಿಸಿದರೆ ಆಗುವ ಕೇಡಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ.

೪

ಇನ್ನು ವರ್ಣನೆಯ ವಿಚಾರ. ಹೆರ್ರೆಯವರ ಕ್ರಮ ಆ ಕಾಲದ ಮತ್ಸ್ಯಶಾಸ್ತ್ರದ ಕ್ರಮವೇ ಆಗಿತ್ತು. ಈಜುರೆಕ್ಕೆಗಳ ಮುಳ್ಳು ಕಡ್ಡಿಗಳ ಎಣಿಕೆ, ಹುರುಪೆಗಳ ಎಣಿಕೆ, ತಲೆ ಕಣ್ಣು ಮೈಗಳ ಪರಸ್ಪರ ಪ್ರಮಾಣ, ಹಲ್ಲಿನ ಬಗೆ, ಬಣ್ಣ, ದೊರೆತ ಸ್ಥಳ ಇವುಗಳ ಆಧಾರದ ಮೇಲೆ ಜಾತಿ ಪ್ರಭೇದಗಳನ್ನು ಬೇರ್ಪಡಿಸುವುದು ಅದರ ಸ್ವರೂಪ. ಒಂದು ಅಡಿಯ ಮೀನಿಗೆ ಈ ಕ್ರಮ ಸಾಕಷ್ಟು ಯೋಗ್ಯವಾದುದು. ಒಂದು ಸೆಂಟಿಮೀಟರಿನ ಮೀನಿಗೆ ಅದು ಅಷ್ಟು ಯೋಗ್ಯವಲ್ಲ. ಏಕೆಂದರೆ ಇಷ್ಟು ಚಿಕ್ಕ ಮೀನಿನಲ್ಲಿ ಪ್ರಮಾಣಗಳನ್ನು ಅಳೆಯುವಾಗ ಕೂದಲೆಳೆಯಷ್ಟು ತಪ್ಪಿದರೂ ಫಲ ಬಹಳ ತಪ್ಪುತ್ತದೆ. ಮದ್ಯಸಾರದಲ್ಲಿ ಇಟ್ಟ ಮೈ ಕುಗ್ಗುತ್ತದೆ, ಬಣ್ಣ ಮಾಸುತ್ತದೆ. ನವುರಾದ ಹುರುಪೆಗಳು ಬಲೆಯಲ್ಲಿಯೇ ಉದುರುತ್ತವೆ. ಜಾಡಿಯಲ್ಲಿ ಮೀನು ಇದ್ದಷ್ಟು ದಿನ ಈ ಕೊರತೆ ಹೊರಗೆ ಕಾಣಲಿಲ್ಲ. ಬೇಕಾದವರು ಹೋಗಿ ಮತ್ತೆ ನೋಡಬಹುದಾಗಿತ್ತು. ಜಾಡಿ ಹೋದ ದಿನ ಕೊರತೆ ಎದ್ದು ನಿಂತಿತು.

ಹೆರ್ರೆಯವರ ಕಾಲದಲ್ಲಿ ಇದಕ್ಕಿಂತ ಮೇಲಾದ ಕ್ರಮವೇ ಇರಲಿಲ್ಲವೆನ್ನುವಂತಿಲ್ಲ. ಗೋಬಿಗಳ ತಲೆಯ ಮೇಲೆ ಸಾಲುಸಾಲಾಗಿ ಹರಡಿರುವ ಸಂವೇದನಾಂಕುರಗಳ ವಿನ್ಯಾಸ ಪ್ರಭೇದಗಳನ್ನು ಗುರುತಿಸಲು ಉಪಯುಕ್ತವೆಂಬುದನ್ನು ಇಟಲಿಯ ಲುಯಿಜಿ ಸಾಂಜೊ ಅವರು ೧೯೧೧ರಲ್ಲಿಯೇ ತೋರಿಸಿದ್ದರು. ಅದೇ ವರ್ಷ ಲಂಡನ್ನಿನ ಟೇಟ್ ರೀಗನ್ ಅವರು ಗೋಬಿಗಳ ಎಲುಬುಗಳನ್ನು ಆಧಾರವಾಗಿಟ್ಟುಕೊಂಡು ವರ್ಗೀಕರಣವನ್ನು ಪ್ರಕಟಿಸಿದ್ದರು. ಹದಿನಾರು ವರ್ಷಗಳ ಬಳಿಕ ಬಂದ ಮನಿಲಾ ಗ್ರಂಥದ ಕಟ್ಟಡ ಈ ಎರಡರ ಮೇಲೆಯೂ ನಿಂತಿಲ್ಲ. ಇದನ್ನು ನಾವು ದೋಷವೆಂದೇ ಎಣಿಸುತ್ತೇವೆ. ಆದರೆ ಆ ದೋಷಕ್ಕೆ ಒಂದು ನ್ಯಾಯವಾದ ಸಮಾಧಾನವೂ ಉಂಟು. ಒಬ್ಬ ಮನುಷ್ಯ, ಸರಕಾರಿ ಕೆಲಸದ ನಡುವೆ, ಸಾವಿರಾರು ದ್ವೀಪಗಳ ನಾಡಿನ ಗೋಬಿಗಳನ್ನೆಲ್ಲ ಮೊದಲ ಸಲ ಒಂದೆಡೆ ಸೇರಿಸಲು ಹೊರಟಿದ್ದನು. ಪ್ರತಿಯೊಂದು ಮೀನಿನ ತಲೆಯನ್ನೂ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ಅಂಕುರಗಳನ್ನು ಎಣಿಸುತ್ತ ಕುಳಿತಿದ್ದರೆ ಗ್ರಂಥವೇ ಹೊರಬರುತ್ತಿರಲಿಲ್ಲ; ಹೊರಬರದ ಗ್ರಂಥ ೧೯೪೫ರಲ್ಲಿ ಮಾದರಿಗಳೊಡನೆ ಬೂದಿಯಾಗುತ್ತಿತ್ತು.

ಜಾತಿಯ ಲಕ್ಷಣದ ವಿಷಯದಲ್ಲಿ ಇನ್ನೊಂದು ತೊಡಕಿದೆ; ಅದು ಹೆರ್ರೆಯವರೊಬ್ಬರದೇ ಅಲ್ಲ, ಕುಬ್ಜ ಮೀನುಗಳನ್ನು ವರ್ಣಿಸುವ ಎಲ್ಲರದೂ ಹೌದು. ಮೀನಿನ ವಂಶವೊಂದು ಕುಬ್ಜವಾಗುತ್ತ ಬಂದಾಗ ಅದರ ಅಂಗಗಳು ಬರಿಯ ಅಳತೆಯಲ್ಲಿ ಕಡಿಮೆಯಾಗುವುದಿಲ್ಲ. ಕೆಲವು ಇಲ್ಲವೇ ಆಗುತ್ತವೆ. ತಲೆಯ ಸಂವೇದನಾ ನಾಳಗಳು ಅಳಿಯುತ್ತವೆ, ಹುರುಪೆಗಳು ಕಡಿಮೆಯಾಗುತ್ತವೆ, ಕೆಲವು ಎಲುಬುಗಳು ಬಲಿಯುವುದೇ ಇಲ್ಲ; ಮರಿಯ ಲಕ್ಷಣಗಳು ಪ್ರೌಢಾವಸ್ಥೆಯಲ್ಲಿಯೂ ಉಳಿಯುತ್ತವೆ. ದಕ್ಷಿಣ ಅಮೆರಿಕಾದ ಸಿಹಿನೀರಿನ ಮೀನುಗಳಲ್ಲಿ ಈ ಸಂಗತಿಯನ್ನು ವೈಟ್ಸ್‌ಮನ್ ಮತ್ತು ವಾರಿ ಅವರು ೧೯೮೮ರಲ್ಲಿ ವಿಸ್ತಾರವಾಗಿ ಚರ್ಚಿಸಿ, ೨೬ ಮಿಲಿಮೀಟರನ್ನು ಕುಬ್ಜ ಮೀನುಗಳ ಒಂದು ಎಲ್ಲೆಯಾಗಿ ಸೂಚಿಸಿದರು. ಇಂಥ ನಷ್ಟಗಳು ಒಂದೊಂದು ವಂಶದಲ್ಲಿಯೂ ಸ್ವತಂತ್ರವಾಗಿ ನಡೆಯಬಲ್ಲವು. ಆದುದರಿಂದ 'ಇದಕ್ಕೆ ಇಂಥದು ಇಲ್ಲ, ಅದಕ್ಕೂ ಇಲ್ಲ, ಆದಕಾರಣ ಎರಡೂ ಒಂದೇ ಜಾತಿ' ಎಂಬ ವಾದ ದುರ್ಬಲವಾದುದು. ಇಬ್ಬರಿಗೂ ಮನೆಯಿಲ್ಲವೆಂದ ಮಾತ್ರಕ್ಕೆ ಅವರು ಅಣ್ಣತಮ್ಮಂದಿರಾಗುವುದಿಲ್ಲ. ಜಾತಿಯನ್ನು ಕಟ್ಟಲು 'ಉಂಟು' ಎನ್ನುವ ಲಕ್ಷಣಗಳೇ ಬೇಕು. ಕುಬ್ಜ ಮೀನಿನಲ್ಲಿ ಅವು ಕಡಿಮೆ. ಇದ್ದರೂ ಹುಡುಕಿ ತೆಗೆಯುವುದು ಕಷ್ಟ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತನ್ನು ನಾವು ಒಪ್ಪಲೇಬೇಕು. ಹೆರ್ರೆಯವರು ಕಟ್ಟಿದ ಜಾತಿ ಕುಸಿಯಲಿಲ್ಲ. ಅವರಿಗಿಂತ ಮೊದಲೇ, ೧೯೧೧ರಲ್ಲಿ ಮ್ಯಾಕ್ಸ್ ವೆಬರ್ ಅವರೂ ೧೯೧೭ರಲ್ಲಿ ಆಸ್ಟ್ರೇಲಿಯಾದ ಮೆಕ್ಕಲಕ್ ಅವರೂ ವರ್ಣಿಸಿದ್ದ ಎರಡು ಪ್ರಭೇದಗಳು ಈಗ ಪಂಡಾಕಾ ರೂಕ್ಸಿ, ಪಂಡಾಕಾ ಲಿಡ್‌ವಿಲ್ಲಿ ಎಂಬ ಹೆಸರುಗಳಿಂದ ಇದೇ ಜಾತಿಯಲ್ಲಿ ಸೇರಿವೆ. ಆಫ್ರಿಕಾದ ಕಡೆಯಿಂದ ೧೯೪೩ರಲ್ಲಿ ಬರ್ನಾರ್ಡ್ ಅವರು ವರ್ಣಿಸಿದ ಸಿಲ್ವಾನಾ ಎಂಬ ಪ್ರಭೇದವೂ ಬಂದು ಸೇರಿದೆ. ಒಬ್ಬನು ಒಂದು ಕೊಲ್ಲಿಯ ದಡದಲ್ಲಿ ಕಂಡು ಕಟ್ಟಿದ ಚೌಕಟ್ಟಿನೊಳಕ್ಕೆ ಆಫ್ರಿಕಾದಿಂದ ಆಸ್ಟ್ರೇಲಿಯಾದವರೆಗಿನ ಮೀನುಗಳು ಒಂದೊಂದಾಗಿ ಬಂದು ಕುಳಿತದ್ದು ಅವನ ಕಣ್ಣು ನಿಜವಾದುದನ್ನೇ ಕಂಡಿತ್ತೆಂಬುದಕ್ಕೆ ಪ್ರಮಾಣ. ಹೆರ್ರೆಯವರು ಕಂಡದ್ದು, ಅವರು ಬರೆದುದಕ್ಕಿಂತ ಹೆಚ್ಚಿನದು. ಅವರ ಗ್ರಂಥದ ಹಿರಿಮೆಯೂ ಕೊರತೆಯೂ ಈ ಒಂದು ವಾಕ್ಯದಲ್ಲಿ ಅಡಗಿವೆ ಎಂದು ನಮ್ಮ ಅಭಿಪ್ರಾಯ.

೫

ಹೋಲಿಕೆಗೆಂದು ಇನ್ನೊಂದು ಲೇಖನವನ್ನು ನೋಡಬಹುದು. ೧೯೭೫ರಲ್ಲಿ ಜಪಾನಿನ ಮತ್ಸ್ಯಶಾಸ್ತ್ರ ಪತ್ರಿಕೆಯಲ್ಲಿ 'ಪಂಡಾಕಾ ಟ್ರೈಮ್ಯಾಕ್ಯುಲೇಟಾ' ಎಂಬ ಹೊಸ ಪ್ರಭೇದದ ವರ್ಣನೆ ಪ್ರಕಟವಾಯಿತು. ಬರೆದವರು ಅಕಿಹಿತೊ ಮತ್ತು ಮೆಗುರೊ. ಅಕಿಹಿತೊ ಅವರು ಆಗ ಜಪಾನಿನ ಯುವರಾಜರು. ೧೯೮೯ರಲ್ಲಿ ಚಕ್ರವರ್ತಿಗಳಾಗಿ ೨೦೧೯ರಲ್ಲಿ ಪದತ್ಯಾಗ ಮಾಡಿದರು. ಗೋಬಿಗಳ ಅಭ್ಯಾಸ ಅವರಿಗೆ ಬರಿಯ ವಿನೋದವಾಗಿರಲಿಲ್ಲ. ೧೯೬೩ರಲ್ಲಿ ಗೋಬಿಗಳ ಹೆಗಲ ಎಲುಬನ್ನು ಕುರಿತೂ, ೧೯೬೯ರಲ್ಲಿ ಅಂಥ ಹಲವು ಎಲುಬುಗಳನ್ನು ಆಧಾರವಾಗಿಟ್ಟುಕೊಂಡು ಗೋಬಿಗಳ ವರ್ಗೀಕರಣವನ್ನು ಕುರಿತೂ ಅವರು ಬರೆದಿದ್ದರು. ರೀಗನ್ ಅವರು ತೋರಿಸಿದ ದಾರಿಯಲ್ಲಿ ದೂರ ನಡೆದವರು ಅವರು.

ಈ ಹೊಸ ಪ್ರಭೇದದ ಹೆಸರಿನ ಅರ್ಥ 'ಮೂರು ಮಚ್ಚೆಯದು'. ಗಾತ್ರವನ್ನು ಬಿಟ್ಟು, ಕೈಯಲ್ಲಿ ಮಸೂರವಿರುವ ಯಾವ ವಿದ್ಯಾರ್ಥಿಯೂ ಪರೀಕ್ಷಿಸಬಹುದಾದ ಗುರುತೊಂದನ್ನು ಹೆಸರಿನಲ್ಲಿಯೇ ಇರಿಸಿದ್ದಾರೆ. ಇದು ಚಿಕ್ಕ ವಿಷಯವೆಂದು ತೋರಬಹುದು. ಮಾದರಿಗಳು ಅಳಿದ ಚರಿತ್ರೆಯನ್ನು ಬಲ್ಲವರಿಗೆ ಚಿಕ್ಕದಾಗಿ ತೋರುವುದಿಲ್ಲ.

ನಮ್ಮ ಪ್ರಶ್ನೆಗೆ ಹೆಚ್ಚು ಮುಖ್ಯವಾದದ್ದು ಲೇಖನದ ಶೀರ್ಷಿಕೆಯಲ್ಲಿಯೇ ಇದೆ. ಈ ಪ್ರಭೇದ ಓಕಿನಾವಾದಿಂದಲೂ ಫಿಲಿಪ್ಪೀನ್ಸಿನಿಂದಲೂ ದೊರೆತದ್ದು. ಎಂದರೆ ಹೆರ್ರೆಯವರು ವರ್ಷಗಟ್ಟಲೆ ಬಲೆಯಾಡಿಸಿದ ನಾಡಿನಲ್ಲಿಯೇ, ಅವರು ಹೆಸರಿಸದೆ ಬಿಟ್ಟ ಇನ್ನೊಂದು ಕುಬ್ಜ ಪಂಡಾಕಾ ಇತ್ತು. ಅವರ ಬಲೆಗೆ ಅದು ಬೀಳಲೇ ಇಲ್ಲವೇ? ಅಥವಾ ಬಿದ್ದೂ ಅವರ ಎರಡು ಪ್ರಭೇದಗಳಲ್ಲಿ ಒಂದರ ಜಾಡಿಯೊಳಕ್ಕೆ ಬೆರೆತುಹೋಯಿತೇ? ಮನಿಲಾದ ಜಾಡಿಗಳು ಉಳಿದಿದ್ದರೆ ಅವನ್ನು ಬಿಚ್ಚಿ ನೋಡಿ ಒಂದು ಮಧ್ಯಾಹ್ನದಲ್ಲಿ ಇದನ್ನು ತೀರ್ಮಾನಿಸಬಹುದಾಗಿತ್ತು. ಈಗ ಆ ಜಾಡಿಗಳ ಪರವಾಗಿ ಸಾಕ್ಷ್ಯ ನುಡಿಯಬೇಕಾದುದು ೧೯೨೭ರ ವಾಕ್ಯಗಳು. ಎಣಿಕೆ ಪ್ರಮಾಣಗಳನ್ನು ಹೇಳುವ ಆ ವಾಕ್ಯಗಳಿಗೆ, ಇಂದು ನಾವು ಕೇಳಬೇಕಾದ ಪ್ರಶ್ನೆ ಅಂದು ಗೊತ್ತಿರಲಿಲ್ಲ. ಗೊತ್ತಿಲ್ಲದ ಪ್ರಶ್ನೆಗೂ ಉತ್ತರವಾಗಬಲ್ಲಷ್ಟು ತುಂಬಿ ಬರೆಯುವುದೇ ಒಳ್ಳೆಯ ವರ್ಣನೆಯ ಪರೀಕ್ಷೆ. ಆ ಪರೀಕ್ಷೆಯಲ್ಲಿ ಹೆರ್ರೆಯವರ ಪಂಡಾಕಾ ಅರೆಯಂಕಗಳನ್ನು ಮಾತ್ರ ಪಡೆಯುತ್ತದೆ.

೬

ಕನ್ನಡ ಸಾಹಿತ್ಯವನ್ನು ಓದಿದವರಿಗೆ ಈ ಪರಿಸ್ಥಿತಿ ಹೊಸದೇನೂ ಅಲ್ಲ. ಕವಿರಾಜಮಾರ್ಗವು ಹೆಸರಿಸುವ ಗದ್ಯಕಾರರ ಕೃತಿಗಳು ನಮಗೆ ದೊರೆತಿಲ್ಲ. ಪೊನ್ನನ ಭುವನೈಕರಾಮಾಭ್ಯುದಯವೂ ರನ್ನನ ಪರಶುರಾಮಚರಿತವೂ ಇಲ್ಲವಾಗಿವೆ. ಇದ್ದುವೆಂಬುದು ನಿಶ್ಚಯ, ಹೇಗಿದ್ದುವೆಂಬುದಕ್ಕೆ ಇತರರ ಮಾತೇ ಆಧಾರ. ಅಂಥ ಕಡೆ ಪಂಡಿತರು ಒಂದೊಂದು ಉಲ್ಲೇಖವನ್ನೂ ತೂಗಿ ನೋಡುತ್ತಾರೆ; ಹೊಗಳಿಕೆಯ ಮಾತನ್ನು ಬದಿಗಿಟ್ಟು, ಕೃತಿಯ ವಿಷಯವಾಗಿ ಏನನ್ನಾದರೂ ತಿಳಿಸುವ ಮಾತನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. 'ಅತಿ ಚಿಕ್ಕ ಮೀನು' ಎಂಬುದು ಹೊಗಳಿಕೆಯ ಜಾತಿಯ ಮಾತು; 'ಮೂರು ಮಚ್ಚೆ' ಎಂಬುದು ತಿಳಿಸುವ ಜಾತಿಯ ಮಾತು.

ಪ್ರತಿಗಳ ವಿಷಯದಲ್ಲಿಯೂ ಸಾಮ್ಯವಿದೆ. ಒಂದೇ ಓಲೆಯ ಕಟ್ಟು ಒಂದೇ ಮಠದಲ್ಲಿ ಇದ್ದ ಕಾವ್ಯ ಬೆಂಕಿಗೆ ಗೆದ್ದಲಿಗೆ ಬಲಿಯಾಯಿತು. ನಾಲ್ಕೂರುಗಳಲ್ಲಿ ಪ್ರತಿಯಾದ ಕಾವ್ಯ ಉಳಿಯಿತು. ಹೆರ್ರೆಯವರ ಸಂಗ್ರಹದಲ್ಲಿಯೂ ಹೊರದೇಶಗಳ ಸಂಗ್ರಹಾಲಯಗಳಿಗೆ ಮುಂಚೆಯೇ ಕಳುಹಿಸಿದ್ದ ಮೀನುಗಳು ಉಳಿದುವು. ಮನಿಲಾದಲ್ಲಿಯೇ ಇದ್ದುವು ಅಳಿದುವು. ಇದು ಯುದ್ಧಭೂಮಿಗೆ ಮಾತ್ರ ಸಲ್ಲುವ ಮಾತೆಂದು ತಿಳಿಯಬಾರದು. ಎರಡನೆಯ ಮಹಾಯುದ್ಧದಲ್ಲಿ ಕಲ್ಕತ್ತೆಯಿಂದ ಕ್ಷೇಮಕ್ಕಾಗಿ ಕಾಶಿಗೆ ಸಾಗಿಸಿದ್ದ ಭಾರತೀಯ ಪ್ರಾಣಿ ಸರ್ವೇಕ್ಷಣದ ಸಂಗ್ರಹ ೧೯೪೩ರಲ್ಲಿ ವರುಣಾ ನದಿಯ ನೆರೆಗೆ ಸಿಕ್ಕಿ ಹಾನಿಗೊಂಡಿತು. ಬಾಂಬಿಗೆ ಹೆದರಿ ಓಡಿದ್ದು ನೀರಿಗೆ ಸಿಕ್ಕಿತು. ಮಾದರಿಯನ್ನು ಕಾಪಾಡುವುದು ಮೊದಲ ಧರ್ಮವೇನೋ ಸರಿ. ಆದರೆ ಮಾದರಿ ಅಳಿಯಬಹುದೆಂದು ಎಣಿಸಿಯೇ ಬರೆಯುವುದು ಅದಕ್ಕೆ ಸಮನಾದ ಧರ್ಮ.

ಮಾದರಿಯೂ ವರ್ಣನೆಯೂ ಸಾಲದಾದಾಗ ಮೂರನೆಯ ಸಾಕ್ಷಿಯೊಂದುಂಟು. ಅದು ಮೂಲ ನೆಲೆ. ಮೀನು ಮೊದಲು ದೊರೆತ ಜಾಗಕ್ಕೇ ಮತ್ತೆ ಹೋಗಿ, ಅಲ್ಲಿ ಬಾಳುತ್ತಿರುವ ಅದೇ ಮೀನನ್ನು ಹಿಡಿದು, ಅಳಿದ ಮಾದರಿಯ ಸ್ಥಾನದಲ್ಲಿ ಹೊಸದನ್ನು ನಿಲ್ಲಿಸಲು ಶಾಸ್ತ್ರದ ನಿಯಮಗಳು ಅವಕಾಶ ಕೊಡುತ್ತವೆ. ಪಂಡಾಕಾ ಪಿಗ್ಮಿಯಾದ ದುರದೃಷ್ಟವೆಂದರೆ ಈ ಸಾಕ್ಷಿಯೂ ಕೆಟ್ಟಿದೆ. ಮಲಬೋನ್ ಇಂದು ಮನಿಲಾ ಮಹಾನಗರದ ಒಂದು ಭಾಗ. ಅಲ್ಲಿಯ ನೀರು ಕೊಳಕಾಗಿ, ಈ ಮೀನು ಅಲ್ಲಿಂದ ಅಳಿದುಹೋಯಿತೆಂದು ಶಾಸ್ತ್ರಜ್ಞರು ಭಾವಿಸಿದರು. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ೧೯೯೬ರ ಪಟ್ಟಿ ಇದನ್ನು ಅಳ��ವಿನ ತೀವ್ರ ಅಪಾಯದಲ್ಲಿರುವ ಪ್ರಾಣಿಗಳಲ್ಲಿ ಸೇರಿಸಿತು. ಇಂಡೋನೇಷ್ಯದಿಂದಲೂ ಸಿಂಗಪುರದಿಂದಲೂ ಇದೇ ಪ್ರಭೇದ ದೊರೆತಿದೆಯೆಂದು ವರದಿಗಳು ಬಂದಿವೆ. ಸಂತೋಷದ ಸುದ್ದಿ. ಆದರೆ 'ಇದೇ ಪ್ರಭೇದ' ಎಂಬ ಮಾತು ಯಾವುದರ ಮೇಲೆ ನಿಂತಿದೆ? ಮನಿಲಾದ ಮಾದರಿ ಇಲ್ಲ, ನೆಲೆ ಕೆಟ್ಟಿದೆ, ಕೊನೆಗೆ ೧೯೨೭ರ ವಾಕ್ಯಗಳ ಬಳಿಗೇ ಬರಬೇಕು. ಒಂದು ಪ್ರಾಣಿ ಅಳಿಯುತ್ತಿದೆಯೋ ಬಾಳುತ್ತಿದೆಯೋ ಎಂಬ ನಿರ್ಣಯ ವರ್ಣನೆಯ ಕೆಲವೇ ಸಾಲುಗಳ ಗಟ್ಟಿತನವನ್ನು ಅವಲಂಬಿಸಿರುವಾಗ, ವರ್ಣನೆ ನೀರಸವಾದ ವಿದ್ಯೆಯೆಂದು ಯಾರೂ ಹೇಳಲಾರರು.

೭

ನಮ್ಮ ತೀರ್ಪನ್ನು ಹೀಗೆ ಸಂಗ್ರಹಿಸಬಹುದು. ಜಾತಿಯನ್ನು ಗುರುತಿಸಿದ್ದರಲ್ಲಿ ಹೆರ್ರೆಯವರು ಗೆದ್ದಿದ್ದಾರೆ. ಕಾಲವೇ ಅದಕ್ಕೆ ಮುದ್ರೆಯೊತ್ತಿದೆ. ಪ್ರಭೇದಗಳನ್ನು ಮಾತಿನಲ್ಲಿ ನಿಲ್ಲಿಸಿದ್ದರಲ್ಲಿ ಅವರ ಗೆಲುವು ಅಪೂರ್ಣ. ಅಪೂರ್ಣತೆಗೆ ಕಾರಣ ಅಸಡ್ಡೆಯಲ್ಲ; ಜಾಡಿ ಎಂದೆಂದಿಗೂ ಇರುತ್ತದೆಂಬ ನಂಬಿಕೆ. ಆ ನಂಬಿಕೆ ಅವರ ತಲೆಮಾರಿನವರೆಲ್ಲರದೂ ಆಗಿತ್ತು. ಅವರನ್ನು ದೂರುವುದಕ್ಕಿಂತ ನಮ್ಮ ನಂಬಿಕೆಯನ್ನು ತಿದ್ದಿಕೊಳ್ಳುವುದು ಮೇಲು.

ತಿದ್ದಿಕೊಳ್ಳಲು ದೂರ ಹೋಗಬೇಕಾಗಿಲ್ಲ. ನಮ್ಮ ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳಲ್ಲಿ ಸಾಲಾಗಿ ನಿಂತ ಜಾಡಿಗಳನ್ನು ಒಮ್ಮೆ ನೋಡಿದರೆ ಸಾಕು. ಎಷ್ಟೋ ಜಾಡಿಗಳ ಚೀಟಿ ಮಾಸಿದೆ. ಎಷ್ಟೋ ಚೀಟಿಗಳ ಮೇಲೆ 'ಗೋಬಿ' ಎಂಬ ಒಂದೇ ಮಾತಿದೆ. ಊರಿಲ್ಲ, ತಿಂಗಳಿಲ್ಲ, ನೀರು ಉಪ್ಪೋ ಸಿಹಿಯೋ ಎಂಬುದಿಲ್ಲ. ಕಾಳಿ, ಅಘನಾಶಿನಿ, ಶರಾವತಿಗಳ ಅಳಿವೆಗಳಲ್ಲಿ, ಗಜನಿ ಗದ್ದೆಗಳ ಕಾಲುವೆಗಳಲ್ಲಿ ಸಿಗಡಿಯ ಜೊತೆಗೆ ಬಲೆಗೆ ಬಿದ್ದು, ಬೆಲೆಯಿಲ್ಲವೆಂದು ದಡದಲ್ಲಿ ಚೆಲ್ಲಿಹೋಗುವ ಸಣ್ಣ ಮೀನುಗಳಲ್ಲಿ ಯಾವುದು ಮರಿ, ಯಾವುದು ಬೆಳೆದ ಮೀನು ಎಂಬುದನ್ನು ನೋಡುವ ತಾಳ್ಮೆ ನಮ್ಮ ವಿದ್ಯಾರ್ಥಿಗಳಿಗೆ ಬರಬೇಕು. ಅದನ್ನು ಹೆರ್ರೆಯವರಿಂದ ಕಲಿಯಬಹುದು. ನೋಡಿದ್ದನ್ನು ಮೀನು ಇಲ್ಲವಾದ ದಿನವೂ ನಿಲ್ಲುವಂತೆ ಬರೆಯಬೇಕು. ಅದನ್ನು ಹೆರ್ರೆಯವರ ಗ್ರಂಥಕ್ಕೆ ಒದಗಿದ ಗತಿಯಿಂದ ಕಲಿಯಬಹುದು.

ಜಾಡಿಯೊಂದನ್ನು ಕಪಾಟಿನಲ್ಲಿ ಇಡುವ ಮುನ್ನ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನನ್ನು ತಾನು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನಾಳೆ ಈ ಕಪಾಟು ಇಲ್ಲವಾದರೆ, ನಾನು ಬರೆದಿಟ್ಟ ಕಾಗದವೊಂದರಿಂದಲೇ ಇನ್ನೊಬ್ಬನು ಅಳಿವೆಯಲ್ಲಿ ಇದೇ ಮೀನನ್ನು ಮತ್ತೆ ಹಿಡಿದು ಗುರುತಿಸಬಲ್ಲನೇ? ಹೌದೆಂದು ಹೇಳುವಂತಾದ ದಿನ ಜಾಡಿಯ ಮುಚ್ಚಳವನ್ನು ಹಾಕಬಹುದು.